ಗುಜರಿಗೆ ಹೋಗದೆ ಉಳಿದ ಯೆಜ್ಡಿ



ಸಂಪಗಾಂವ, ಬೈಲಹೊಂಗಲ, ಸವದತ್ತಿ ಸೀಮೆಯಲ್ಲಿ ಮೋಟರ್ ಸೈಕಲ್ಲಿಗೆ ಹಿರಿಯರು ಇಟ್ಟ ಹೆಸರು ‘ಫಟಫಟಿ’. ಆ ಹೆಸರಿಗೆ ತಕ್ಕ ಸದ್ದು ಮಾಡುತ್ತಿದ್ದ ಯೆಜ್ಡಿ ನಮ್ಮ ನಾಡಿನ ಮೈಸೂರಿನಲ್ಲಿಯೇ ತಯಾರಾದದ್ದು. ಇಂದು ಅದು ಯಾರಿಗೂ ಬೇಡವಾಗಿ ದನದ ಕೊಟ್ಟಿಗೆಯ ಮೂಲೆ ಸೇರಿದೆ. ಅಲ್ಲಿಂದ ಅದನ್ನು ಎತ್ತಿ ತರುವ ಹುಡುಗರು ಅದರ ಚರಿತ್ರೆಯನ್ನೂ ಅರಿಯಬೇಕು.

1929ರಲ್ಲಿ ಪ್ರಾಗ್ ನಗರದ ಉದ್ಯಮಿ ಯಾನೆಚೆಕ್, ವಾಂಡರರ್ ಎಂಬ ಜರ್ಮನ್ ಮೋಟರ್ ಸೈಕಲ್ಲಿನ ತಯಾರಿಕೆಯ ಹಕ್ಕನ್ನು ಪಡೆದನು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಆಯಿತು. ಇರಾನಿ ಕುಟುಂಬದವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಯಾದವಗಿರಿಯ ಆ ಕಾರ್ಖಾನೆಯ ಗಾಡಿಗಳು 1973ರಿಂದ ಯೆಜ್ಡಿ ಎಂಬ ಹೆಸರು ಪಡೆದವು. 250 ಸಿ.ಸಿ. ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯಲೂ ಗೇರ್ ಬದಲಿಸಲೂ ಒಂದೇ ಸನ್ನೆ!

1985ರಲ್ಲಿ ಹೀರೋ ಹೋಂಡಾದ ನಾಲ್ಕು ಸ್ಟ್ರೋಕಿನ ಸಿ.ಡಿ. 100 ಬಂದಿತು. ಅದಕ್ಕೆ ಪೆಟ್ರೋಲಿನೊಡನೆ ಎಣ್ಣೆ ಬೆರೆಸುವ ಗೊಡವೆಯಿರಲಿಲ್ಲ. ಇಂಧನವೂ ಬಹಳ ಕಡಿಮೆ ಸಾಕಾಗುತ್ತಿತ್ತು. ಹೊಗೆಯುಗುಳುವ ಯೆಜ್ಡಿ ಅದರ ಮುಂದೆ ದುಬಾರಿಯೆನಿಸಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಎಷ್ಟೋ ಗಾಡಿಗಳು ಕಬ್ಬಿಣದ ತೂಕಕ್ಕೆ ಮಾರಾಟವಾದವು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ ತನ್ನ ಅಜ್ಜನ ಗಾಡಿಯನ್ನು ಗುಜರಿಗೆ ಕೊಡಗೊಡಲಿಲ್ಲ. ಹದಿನೇಳರ ಹುಡುಗ. ಮುದಿ ಮಿಸ್ತ್ರಿಯೊಬ್ಬರ ಬಳಿ ರಜೆಯೆಲ್ಲ ಕುಳಿತು ದುಡಿದ. ಬಿಗಿದುಕೊಂಡ ಪಿಸ್ಟನ್ ಸಡಿಲಾಗಲೆಂದು ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು ದಿನಗಟ್ಟಲೆ ಕಾದರು. ಸೈಲೆನ್ಸರಿನ ಮಸಿ ತೆಗೆದರು. ಟಾಕಿಯೊಳಗೆ ಹರಳು ಹಾಕಿ ಕುಲುಕಿ ತುಕ್ಕು ಬಿಡಿಸಿದರು. ಆದರೂ ಎಂಜಿನ್ ನಿಂತ ಕಡೆ ಓಡುತ್ತಿರಲಿಲ್ಲ. ಒಣಗಿ ಬಿರುಸಾದ ಆಯಿಲ್ ಸೀಲಿನಿಂದ ಗಾಳಿ ಸೇರುತ್ತಿದೆಯೆಂದು ಮಿಸ್ತ್ರಿ ಸದ್ದು ಕೇಳಿಯೇ ಹೇಳಿದರು. ಆ ಕಿವಿಯ ವಿದ್ಯೆ ಯಾವ ಪುಸ್ತಕದಲ್ಲಿದೆ?

ಗಾಡಿ ಸಿದ್ಧವಾದರೂ ಹುಡುಗ ಹದಿನೆಂಟು ತುಂಬುವವರೆಗೆ ಅದನ್ನು ರಸ್ತೆಗೆ ತರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗೇರಿನ ಗಾಡಿಗೆ ಅದೇ ವಯಸ್ಸು. ನೋಂದಣಿಯೂ ಹದಿನೈದು ವರ್ಷಗಳವರೆಗೆ ಮಾತ್ರ. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಮನೆಯ ಟ್ರಂಕಿನಲ್ಲಿ ಕಾಗದಪತ್ರಗಳನ್ನು ಹುಡುಕಿರಿ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮರಳಿ ಬಂದವು. ಅವು ಮಧ್ಯಪ್ರದೇಶದ ಪೀತಾಂಪುರದಲ್ಲಿ ತಯಾರಾದ ನಾಲ್ಕು ಸ್ಟ್ರೋಕಿನ ಗಾಡಿಗಳು. ಹೆಸರು ಮರಳಿತು, ಮೈಸೂರಿನ ಕಾರ್ಖಾನೆ ಮರಳಲಿಲ್ಲ. ಅಲ್ಲಿ ಹುಟ್ಟಿದ ಯಂತ್ರದ ಮರ್ಮ ಬಲ್ಲವರು ಇಂದು ಊರೂರಿನ ಮುದಿ ಮಿಸ್ತ್ರಿಗಳು ಮಾತ್ರ. ನಿಮ್ಮ ಮನೆಯ ಮೂಲೆಯಲ್ಲಿ ಅಂಥ ಗಾಡಿಯಿದ್ದರೆ, ಅವರ ಕೈ ಗಟ್ಟಿಯಿರುವಾಗಲೇ ನಿಮ್ಮ ಮಕ್ಕಳನ್ನು ಅವರ ಬಳಿ ಕಳುಹಿಸಿರಿ.