ಸಾಸಿವೆ ಕಾಳೂ ಸುವಾರ್ತೆಯ ಹೆಸರೂ

ನಮ್ಮ ಸಂಘದ ಪುಸ್ತಕ ಭಂಡಾರದಲ್ಲಿ ಕಿಟೆಲರ ನಿಘಂಟಿನ ಒಂದು ಪ್ರತಿ ಇದೆ. ರಾಜ್ಯೋತ್ಸವದ ರಸಪ್ರಶ್ನೆಗೆ ಬೇಕಾದಾಗ ಮಾತ್ರ ಅದು ಕಪಾಟಿನಿಂದ ಕೆಳಗಿಳಿಯುತ್ತದೆ. 1894ರ ಆ ಗ್ರಂಥದ ಶೀರ್ಷಿಕೆಯ ಪುಟದಲ್ಲಿ ಕಿಟೆಲರ ಹೆಸರಿನ ಜೊತೆಗೆ ‘ಬಿ.ಜಿ.ಇ.ಎಂ.’ ಎಂಬ ನಾಲ್ಕು ಅಕ್ಷರಗಳಿವೆ. ಯಾವುದೋ ಜರ್ಮನ್ ಪದವಿ ಇರಬೇಕೆಂದು ನಾನು ಬಹುಕಾಲ ತಿಳಿದಿದ್ದೆ. ಪದವಿಯಲ್ಲ, ಬಾಸೆಲ್ ಜರ್ಮನ್ ಇವ್ಯಾಂಜೆಲಿಕಲ್ ಮಿಷನ್ ಎಂಬುದರ ಮೊದಲಕ್ಷರಗಳು. 1834ರಲ್ಲಿ ಮಂಗಳೂರಿಗೆ ಬಂದು, ಹಂಚು, ನೇಯ್ಗೆ, ಅಚ್ಚುಕೂಟಗಳಿಂದ ನಮ್ಮ ಕರಾವಳಿಯಲ್ಲಿ ಮನೆಮಾತಾದ ಬಾಸೆಲ್ ಮಿಷನ್ನೇ ಅದು.

ಈ ‘ಇವ್ಯಾಂಜೆಲಿಕಲ್’ ಎಂಬ ಶಬ್ದವನ್ನು ಈಗ ನಾವು ಪತ್ರಿಕೆಗಳಲ್ಲಿ ನೋಡುವುದು ಅಮೆರಿಕದ ಚುನಾವಣೆ ಬಂದಾಗ. ಇಂತಿಷ್ಟು ಮಂದಿ ಇವ್ಯಾಂಜೆಲಿಕಲರು ಇಂಥವರಿಗೆ ಮತ ಹಾಕಿದರು ಎಂಬ ಸುದ್ದಿ. ಕಿಟೆಲರ ಹೆಸರಿನ ಜೊತೆಗಿದ್ದ ಶಬ್ದವೂ ಇದೂ ಒಂದೇ ಏನು? ಈ ಸಂದೇಹ ಹಿಡಿದು ಓದುತ್ತ ಹೋದಾಗ ತಿಳಿದುಬಂದದ್ದೇನೆಂದರೆ, ಆ ಹೆಸರು ಯಾರಿಗೆ ಸಲ್ಲಬೇಕೆಂದು ಆ ಜನರೇ ಇಂದಿಗೂ ತಮ್ಮೊಳಗೆ ವಾದಿಸುತ್ತಿದ್ದಾರೆ ಎಂಬುದು.

ಮೂಲ ಗ್ರೀಕ್ ಶಬ್ದಕ್ಕೆ ಶುಭಸಮಾಚಾರ ಎಂದರ್ಥ. ನಮ್ಮ ಕ್ರೈಸ್ತ ಬಂಧುಗಳು ಸುವಾರ್ತೆ ಎನ್ನುತ್ತಾರೆ. ಹದಿನಾರನೆಯ ಶತಮಾನದಲ್ಲಿ ಲೂಥರನ ಅನುಯಾಯಿಗಳು ಈ ಹೆಸರನ್ನು ತಮ್ಮದಾಗಿಸಿಕೊಂಡರು. ಜರ್ಮನಿಯಲ್ಲಿ ಇಂದಿಗೂ ಅದಕ್ಕೆ ಪ್ರಾಟೆಸ್ಟಂಟ್ ಎಂಬಷ್ಟೇ ಅರ್ಥ. ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಮಾತ್ರ ಹದಿನೆಂಟನೆಯ ಶತಮಾನದಲ್ಲಿ ಅದು ಬೇರೊಂದು ಬಣ್ಣ ಪಡೆಯಿತು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಜಾನ್ ವೆಸ್ಲಿ ಎಂಬ ಪಾದ್ರಿಗೆ ತನ್ನ ಪಾಪಕ್ಕೆ ಕ್ಷಮೆ ದೊರೆಯಿತೆಂಬ ಭರವಸೆ ಎದೆಯೊಳಗೇ ಹುಟ್ಟಿತಂತೆ. ಗಮನಿಸಬೇಕಾದ ಸಂಗತಿ, ಆತ ಆಗಲೇ ದೀಕ್ಷೆ ಪಡೆದ ಪಾದ್ರಿ! ಹುಟ್ಟಿನಿಂದ ಕ್ರೈಸ್ತನಾದರೆ ಸಾಲದು, ಓದಿದರೆ ಸಾಲದು, ಪ್ರತಿಯೊಬ್ಬನೂ ತಾನೇ ತಿರುಗಿಕೊಳ್ಳಬೇಕು ಎಂಬುದು ಈ ಪಂಥದ ಜೀವಾಳ. ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಬೆಬ್ಬಿಂಗ್ಟನ್ 1989ರಲ್ಲಿ ಇವರಿಗೆ ನಾಲ್ಕು ಲಕ್ಷಣಗಳನ್ನು ಹೇಳಿದರು: ಮನಃಪರಿವರ್ತನೆ, ಬೈಬಲ್ಲಿಗೆ ಅಗ್ರಸ್ಥಾನ, ಶಿಲುಬೆಯ ಮರಣವೇ ಬಿಡುಗಡೆಯ ದಾರಿಯೆಂಬ ನಂಬಿಕೆ, ನಂಬಿದ್ದನ್ನು ಸಾರುವ ಮತ್ತು ದುಡಿದು ತೋರಿಸುವ ಹುರುಪು.

ಲಕ್ಷಣವೇನೋ ಆಯಿತು, ಆದರೆ ಯಾರಲ್ಲಿ ಇವೆ, ಯಾರಲ್ಲಿ ಇಲ್ಲ ಎಂದು ತೀರ್ಪು ಕೊಡುವವರು ಯಾರು? ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಪ್ರೆಸ್ಬಿಟೀರಿಯನ್, ಪೆಂಟಕೋಸ್ಟಲ್ ಎಂಬ ಹತ್ತಾರು ಸಭೆಗಳಲ್ಲಿ ಇವರು ಹರಡಿದ್ದಾರೆ. ಎಲ್ಲರ ಮೇಲೆ ಪೋಪ್ ಇಲ್ಲ, ಸದಸ್ಯರ ರಿಜಿಸ್ಟರೂ ಇಲ್ಲ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಕಡತ ಮೇಲೆ ಕಳುಹಿಸಲು ‘ಸಕ್ಷಮ ಪ್ರಾಧಿಕಾರ’ವೇ ಇಲ್ಲ. ಹಾಗಾಗಿ ಇವರಲ್ಲಿ ಕಡತ ಮುಚ್ಚುವುದೇ ಇಲ್ಲ.

ಅಮೆರಿಕದ ಜಗಳಗಳಲ್ಲಿ ನಮ್ಮವರಿಗೆ ಹೆಚ್ಚು ಪರಿಚಿತವಾದುದು 1925ರ ಡೇಟನ್ ಮೊಕದ್ದಮೆ. ಟೆನೆಸೀ ರಾಜ್ಯದಲ್ಲಿ ಡಾರ್ವಿನ್ನನ ವಿಕಾಸವಾದವನ್ನು ಬೋಧಿಸಿದನೆಂದು ಜಾನ್ ಸ್ಕೋಪ್ಸ್ ಎಂಬ ತರುಣ ಉಪಾಧ್ಯಾಯನಿಗೆ 100 ಡಾಲರ್ ದಂಡ ಬಿತ್ತು. ವಿಜ್ಞಾನ ಗೆದ್ದಿತು, ಮೌಢ್ಯ ಸೋತಿತು ಎಂದು ಕಾಲೇಜಿನಲ್ಲಿ ನಾನೂ ಕೇಳಿದ್ದೆ. ವಾಸ್ತವ ಅಷ್ಟು ಸರಳವಲ್ಲ. ಬೈಬಲ್ಲಿನ ಪರ ನಿಂತ ವಿಲಿಯಂ ಜೆನಿಂಗ್ಸ್ ಬ್ರಯಾನ್ ಸೃಷ್ಟಿಯ ‘ದಿನ’ಗಳು 24 ಗಂಟೆಯವೇ ಆಗಬೇಕಿಲ್ಲವೆಂದು ಕಟಕಟೆಯಲ್ಲೇ ಒಪ್ಪಿಕೊಂಡರು. ಸ್ಕೋಪ್ಸ್ ಬೋಧಿಸಿದನೆನ್ನಲಾದ ಪಠ್ಯಪುಸ್ತಕದಲ್ಲಾದರೋ ವಿಕಾಸವಾದದ ಜೊತೆಗೆ ಬಿಳಿಯರೇ ಶ್ರೇಷ್ಠ ಜನಾಂಗವೆಂಬ ಪಾಠವೂ ಇತ್ತು! ಇನ್ನು ಆ ಶಿಕ್ಷೆ 1927ರಲ್ಲಿ ರದ್ದಾದದ್ದು ಒಂದು ತಾಂತ್ರಿಕ ಕಾರಣಕ್ಕೆ: 50 ಡಾಲರಿಗೆ ಮೀರಿದ ದಂಡವನ್ನು ಜ್ಯೂರಿ ವಿಧಿಸಬೇಕಿತ್ತು, ನ್ಯಾಯಾಧೀಶರು ವಿಧಿಸಿದ್ದರು. ಗುಮಾಸ್ತನಾದ ನನಗೆ ಈ ಭಾಗ ಬಲು ಹಿಡಿಸಿತು.

ಪತ್ರಿಕೆಗಳ ಗೇಲಿಯಿಂದ ಈ ಜನ ಮೂಲೆ ಸೇರಲಿಲ್ಲ. ತಮ್ಮದೇ ಶಾಲೆ, ರೇಡಿಯೋ ಕಾರ್ಯಕ್ರಮ, ಪ್ರಕಾಶನಗಳನ್ನು ಕಟ್ಟಿಕೊಂಡರು. ಅವರಲ್ಲಿ ಕೆಲವರಿಗೆ ‘ಫಂಡಮೆಂಟಲಿಸ್ಟ್’ ಎಂಬ ಬಿರುದೂ ಆ ಬಿರುದಿನ ಜಗಳಗಂಟಿತನವೂ ಬೇಸರ ತಂದು, 1942ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೇರಿ ಇವ್ಯಾಂಜೆಲಿಕಲರ ರಾಷ್ಟ್ರೀಯ ಸಂಘಕ್ಕೆ ಬುನಾದಿ ಹಾಕಿದರು. ಹಳೆಯ ಹೆಸರು ಹೊಸ ಬಾವುಟವಾಯಿತು. 1947ರಲ್ಲಿ ಚಾರ್ಲ್ಸ್ ಫುಲ್ಲರ್ ಎಂಬ ಜನಪ್ರಿಯ ರೇಡಿಯೋ ಬೋಧಕರು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಒಂದು ಸೆಮಿನರಿ ತೆರೆದರು. ಬೈಬಲ್ ಸರ್ವಥಾ ದೋಷರಹಿತ, ಆದರೂ ನಾವು ಯಾವ ವಿದ್ವತ್ತಿಗೂ ಹೆದರುವವರಲ್ಲ ಎಂಬುದು ಅದರ ಹೆಮ್ಮೆ.

ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಆ ಮನೆಯ ಕಥೆ. ಚಾರ್ಲ್ಸರ ಮಗ ಡೇನಿಯಲ್ ಉನ್ನತ ಅಧ್ಯಯನಕ್ಕೆ ಹೋದದ್ದು ನಮ್ಮ ಕಿಟೆಲರನ್ನು ಕಳುಹಿಸಿಕೊಟ್ಟ ಅದೇ ಬಾಸೆಲ್ ನಗರಕ್ಕೆ. ಅಲ್ಲಿ ಕಾರ್ಲ್ ಬಾರ್ಟ್ ಎಂಬ ಮಹಾಪಂಡಿತರಿಂದ ಕಲಿತು ಮರಳಿದವನು 1962ರ ಡಿಸೆಂಬರಿನಲ್ಲಿ, ಅಧ್ಯಾಪಕರೂ ಆಡಳಿತ ಮಂಡಳಿಯವರೂ ಕೂಡಿದ್ದ ಸಭೆಯಲ್ಲಿ ಎದ್ದು, ಬೈಬಲ್ಲಿನಲ್ಲಿ ತಪ್ಪುಗಳಿವೆ, ಆದರೆ ಮೋಕ್ಷಕ್ಕೆ ಸಂಬಂಧಿಸಿದ ವಿಷಯದಲ್ಲಿ ಅಲ್ಲ ಎಂದುಬಿಟ್ಟ. ತಂದೆ ಕಟ್ಟಿದ ಸಂಸ್ಥೆ, ತಂದೆ ಇನ್ನೂ ಬದುಕಿದ್ದಾರೆ, ಸಂಸ್ಥೆಯ ಪ್ರಮಾಣಪತ್ರದಲ್ಲಿ ದೋಷವಿಲ್ಲವೆಂದು ಬರೆದಿದೆ. ಆ ದಿನ ಅವರಲ್ಲಿ ‘ಕರಾಳ ಶನಿವಾರ’ವೆಂದೇ ಹೆಸರಾಯಿತು.

1968ರ ಒಂದು ಲೇಖನದಲ್ಲಿ ಡೇನಿಯಲ್ ಕೊಟ್ಟ ಉದಾಹರಣೆ ಸಾಸಿವೆ ಕಾಳಿನದು. ಬೀಜಗಳಲ್ಲೆಲ್ಲ ಸಾಸಿವೆಯೇ ಸಣ್ಣದೆಂಬ ಮಾತು ಯೇಸುವಿನ ಒಂದು ಸಾಮತಿಯಲ್ಲಿ ಬರುತ್ತದೆ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ನಾನು ಹೇಳಬಲ್ಲೆ, ಆರ್ಕಿಡ್ ಬೀಜದ ಮುಂದೆ ಸಾಸಿವೆ ಕುಂಬಳಕಾಯಿ! ಕೇಳುತ್ತಿದ್ದ ರೈತರಿಗೆ ಗೊತ್ತಿದ್ದ ಕಾಳನ್ನು ಹೆಸರಿಸಿದರೆ ಅದು ಸುಳ್ಳಾಗುತ್ತದೆಯೇ ಎಂದು ನಮ್ಮ ಮನೆಯಾಕೆ ಒಗ್ಗರಣೆ ಹಾಕುತ್ತಲೇ ಕೇಳಿದಳು. ಆದರೆ ಅವರ ಅಂಜಿಕೆ ಕಾಳಿನದಲ್ಲ. ಒಂದು ಕಡೆ ತಪ್ಪು ಒಪ್ಪಿದರೆ ನಾಳೆ ಪುನರುತ್ಥಾನವನ್ನೂ ಬಿಡಬೇಕಾದೀತು, ಗೆರೆ ಎಳೆಯುವುದೆಲ್ಲಿ ಎಂಬುದು ಒಂದು ಪಕ್ಷ. ಕಾಳಿಗೆ ಗಂಟುಬಿದ್ದರೆ ಓದುಬರಹ ಬಲ್ಲ ಮಕ್ಕಳು ಇಡೀ ನಂಬಿಕೆಯನ್ನೇ ಬಿಟ್ಟು ಹೋದಾರು ಎಂಬುದು ಇನ್ನೊಂದು ಪಕ್ಷ. ಎರಡರಲ್ಲೂ ಪ್ರಾಮಾಣಿಕವಾದ ಭಯವಿದೆ ಎಂದು ನನಗೆ ತೋರುತ್ತದೆ.

ಆ ಸೆಮಿನರಿಯ ಸ್ಥಾಪಕ ಅಧ್ಯಾಪಕರಲ್ಲೊಬ್ಬರಾದ ಹೆರಾಲ್ಡ್ ಲಿಂಡ್ಸೆಲ್ ಸಂಸ್ಥೆ ಬಿಟ್ಟು ಹೊರನಡೆದು, 1976ರಲ್ಲಿ ಬೈಬಲ್ಲಿನ ಕದನವೆಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕ ಬರೆದರು. ದೋಷರಹಿತತೆಯನ್ನು ಒಪ್ಪದವರಿಗೆ ಇವ್ಯಾಂಜೆಲಿಕಲ್ ಎಂಬ ಹೆಸರಿಗೆ ಹಕ್ಕಿಲ್ಲವೆಂಬುದು ಅವರ ವಾದ. 1978ರಲ್ಲಿ ಶಿಕಾಗೋದಲ್ಲಿ 200ಕ್ಕೂ ಹೆಚ್ಚು ಮುಖಂಡರು ಇದೇ ವಿಷಯದ ಒಂದು ಹೇಳಿಕೆಗೆ ಸಹಿ ಹಾಕಿದರು. ಅದರಲ್ಲಿ 19 ವಿಧಿಗಳು, ಪ್ರತಿಯೊಂದರಲ್ಲೂ ‘ಇದನ್ನು ಒಪ್ಪುತ್ತೇವೆ, ಇದನ್ನು ನಿರಾಕರಿಸುತ್ತೇವೆ’ ಎಂಬ ಎರಡು ಭಾಗ. ನಮ್ಮ ಸೇವಾ ನಿಯಮಾವಳಿಯೂ ಇಷ್ಟು ಅಚ್ಚುಕಟ್ಟಾಗಿಲ್ಲ.

ಅಷ್ಟರಲ್ಲಿ ಹೆಸರು ದೇವಶಾಸ್ತ್ರಿಗಳ ಕೈಜಾರಿತ್ತು. ಮರುಹುಟ್ಟು ಪಡೆದ ಕ್ರೈಸ್ತನೆಂದು ಬಹಿರಂಗವಾಗಿ ಹೇಳಿಕೊಂಡ ಜಿಮ್ಮಿ ಕಾರ್ಟರ್ 1976ರಲ್ಲಿ ಅಧ್ಯಕ್ಷ ಪದವಿಗೆ ಆರಿಸಿ ಬಂದ ಮೇಲೆ ಜನಮತ ಎಣಿಸುವವರು ಈ ಜನರನ್ನೂ ಎಣಿಸತೊಡಗಿದರು. ಎಣಿಸುವುದು ಹೇಗೆ? ನೀವು ಇವ್ಯಾಂಜೆಲಿಕಲರೇ ಎಂದು ಕೇಳುವುದು, ಹೌದೆಂದವರನ್ನು ಬರೆದುಕೊಳ್ಳುವುದು. ಇದರ ಫಲ ನೋಡಿ. ಲೈಫ್‌ವೇ ಎಂಬ ಸಂಶೋಧನಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತಾವು ಇವ್ಯಾಂಜೆಲಿಕಲರೆಂದು ಹೇಳಿಕೊಂಡವರಲ್ಲಿ ಆ ಪಂಥದ ಮುಖ್ಯ ನಂಬಿಕೆಗಳನ್ನು ದೃಢವಾಗಿ ಒಪ್ಪಿದವರು ಅರ್ಧದಷ್ಟೂ ಇರಲಿಲ್ಲ. ಪ್ಯೂ ಸಂಸ್ಥೆಯ 2021ರ ವರದಿ ಇನ್ನೂ ವಿಚಿತ್ರ: 2016ರಲ್ಲಿ ಈ ಹೆಸರು ತಮ್ಮದಲ್ಲವೆಂದಿದ್ದ, ಆದರೆ ಟ್ರಂಪ್ ಅವರನ್ನು ಮೆಚ್ಚುವ ಬಿಳಿಯರಲ್ಲಿ ನೂರಕ್ಕೆ 16 ಮಂದಿ 2020ರ ವೇಳೆಗೆ ಅದನ್ನು ತಮಗೆ ಅಂಟಿಸಿಕೊಂಡಿದ್ದರು. ಇತ್ತ ಅದೇ ನಂಬಿಕೆ, ಅದೇ ಬೈಬಲ್, ಅದೇ ಮನಃಪರಿವರ್ತನೆಯ ಕಪ್ಪು ಜನರ ಸಭೆಗಳನ್ನು ಸಮೀಕ್ಷೆಗಳು ಸಾಮಾನ್ಯವಾಗಿ ಬೇರೆಯೇ ಕಾಲಮ್ಮಿನಲ್ಲಿ ಹಾಕುತ್ತವೆ. ಅವರಲ್ಲಿ ಬಹುಮಂದಿ ಮತ ಹಾಕುವುದೂ ಬೇರೆ ಪಕ್ಷಕ್ಕೆ.

ನಾವು ನಗುವಂತಿಲ್ಲ. ನಮ್ಮ ಜನಗಣತಿಯಲ್ಲಿಯೂ ಮಾತೃಭಾಷೆಯ ಕಾಲಮ್ಮಿನಲ್ಲಿ ಹೇಳಿದವರು ಹೇಳಿದ್ದೇ ದಾಖಲೆ. ಅಲ್ಲಿ ಕನ್ನಡ ಎಂದು ಬರೆಸಿದ ನನ್ನ ಮಗನಿಗೆ ಈ ಲೇಖನವನ್ನು ನಾನೇ ಓದಿ ಹೇಳಬೇಕು.

ಹೆಸರು ಹೀಗೆ ಕೆಟ್ಟಿತೆಂದು ಬಗೆದು ನಂಬಿಕೆ ಉಳಿಸಿಕೊಂಡು ಹೆಸರು ಬಿಟ್ಟವರಿದ್ದಾರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1931ರಿಂದ ನಡೆದುಬಂದಿದ್ದ ಇವ್ಯಾಂಜೆಲಿಕಲ್ ವಿದ್ಯಾರ್ಥಿ ಕೂಟವು 2017ರಲ್ಲಿ ಬರಿಯ ‘ಕ್ರಿಶ್ಚಿಯನ್’ ಕೂಟವಾಯಿತು. ಅಮೆರಿಕದ ಹೊರಗಿನವರಿಗೆ ಇದು ಇನ್ನೂ ಕಷ್ಟ. ನಮ್ಮ ಸೆಕ್ಷನ್ನಿನಲ್ಲಿ ಮಿಜೋರಾಮಿನ ಗೆಳೆಯರೊಬ್ಬರಿದ್ದಾರೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. “ನನ್ನ ಅಜ್ಜ ಓದಲು ಕಲಿತದ್ದು ಈ ಹೆಸರಿನವರಿಂದ. ಯಾರೋ ಅಲ್ಲಿ ಮತ ಹಾಕಿದರೆಂದು ನಾನೇಕೆ ಬಿಡಲಿ?” ಎಂದರು. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಜಗತ್ತಿನ ಇವ್ಯಾಂಜೆಲಿಕಲರು ಸೇರಿದ್ದಾಗ, ಈಕ್ವೆಡಾರಿನ ರೆನೆ ಪಡೀಯಾ ಸುವಾರ್ತೆಯನ್ನು ಅಮೆರಿಕದ ಜೀವನಕ್ರಮದೊಡನೆ ಬೆಸೆಯುವುದನ್ನು ಎದುರಿಗೇ ಖಂಡಿಸಿದ್ದರು. ಬಡವರ ನ್ಯಾಯದ ಮಾತು ಆ ಸಭೆಯ ಒಡಂಬಡಿಕೆಯಲ್ಲಿ ಸೇರಿತು.

ಈಚಿನ ಗೆರೆ ಸ್ತ್ರೀಯರ ವಿಷಯದ್ದು. ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟ 1845ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆಯೇ ಸಿಡಿದು ಹುಟ್ಟಿದ್ದು. ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ಪಾದ್ರಿಯ ಪದವಿ ಪುರುಷರಿಗೆ ಮಾತ್ರವೆಂದು ಅದು 2000ದಲ್ಲಿ ತನ್ನ ನಂಬಿಕೆಯ ಪತ್ರದಲ್ಲಿ ಸೇರಿಸಿತು. ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚು ಮಹಿಳೆಯರಿಗೆ ದೀಕ್ಷೆ ಕೊಟ್ಟದ್ದಕ್ಕಾಗಿ 2023ರಲ್ಲಿ ಹೊರಹಾಕಲ್ಪಟ್ಟಿತು. ಅದರ ಸ್ಥಾಪಕ ರಿಕ್ ವಾರೆನ್ ನ್ಯೂ ಆರ್ಲಿಯನ್ಸ್ ಸಮ್ಮೇಳನದಲ್ಲಿ ಮೇಲ್ಮನವಿ ಸಲ್ಲಿಸಿ, ಇಷ್ಟೆಲ್ಲ ಒಪ್ಪುವ ನಾವು ಒಂದಂಶದಲ್ಲಿ ಭಿನ್ನವಾದರೆ ಅನ್ಯರೇ ಎಂದು ಕೇಳಿದರು. ಅವರ ವಿರುದ್ಧ 9,437, ಪರವಾಗಿ 1,212 ಮತಗಳು ಬಿದ್ದವು. ಈ ನಿಷೇಧವನ್ನು ಒಕ್ಕೂಟದ ಸಂವಿಧಾನಕ್ಕೇ ಸೇರಿಸುವ ತಿದ್ದುಪಡಿಗೆ ಮೂರರಲ್ಲಿ ಎರಡು ಪಾಲು ಬೆಂಬಲ ಬೇಕಿತ್ತು. 2024ರಲ್ಲಿಯೂ 2025ರಲ್ಲಿಯೂ ಅದಕ್ಕೆ ನೂರಕ್ಕೆ ಅರವತ್ತಕ್ಕಿಂತ ತುಸು ಹೆಚ್ಚು ಮತ ಬಂದು, ಎರಡು ಸಲವೂ ಬಿದ್ದುಹೋಯಿತು.