ಗಂಡ ಹೆಂಡತಿ ಕತೆ ಮತ್ತು ನೀಲಿ ಡಬ್ಬ

ಸಿಸಿಎನ್ಎ ಕ್ಲಾಸಿಗೆ ಹೋದವರಲ್ಲಿ ಬಹಳಷ್ಟು ಜನ ಈ ಕತೆ ಕೇಳಿರ್ತಾರೆ. ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೆನ್ ಬೊಸ್ಯಾಕ್, ಸ್ಯಾಂಡಿ ಲರ್ನರ್ ಅಂತ ಗಂಡ ಹೆಂಡತಿ ಇದ್ದರಂತೆ. ಆತ ಕಂಪ್ಯೂಟರ್ ಸೈನ್ಸ್ ವಿಭಾಗದ ಕಂಪ್ಯೂಟರುಗಳನ್ನ ನೋಡಿಕೊಳ್ತಿದ್ದರು, ಆಕೆ ಬಿಸಿನೆಸ್ ಸ್ಕೂಲಿನವನ್ನ. ಎರಡು ಕಟ್ಟಡಗಳ ಮಧ್ಯೆ ನಡೆದು ಹೋಗುವಷ್ಟು ದೂರ. ಆದ್ರೆ ಎರಡರ ನೆಟ್‌ವರ್ಕಿಗೂ ಮಾತುಕತೆ ಇಲ್ಲ! ಒಬ್ಬರಿಗೊಬ್ಬರು ಈಮೇಲ್ ಕಳಿಸೋಕಾಗದೆ ಬೇಸತ್ತು ಇಬ್ಬರೂ ಸೇರಿ ರೂಟರ್ ಕಂಡುಹಿಡಿದರು, ಸಿಸ್ಕೊ ಕಂಪನಿ ಹುಟ್ಟಿತು. ಶುಭಂ.

ಸಿನಿಮಾಗೆ ಹೇಳಿ ಮಾಡಿಸಿದ ಕತೆ. ಗಂಡ ಹೆಂಡತಿ ನಿಜ, ಕಟ್ಟಡಗಳು ನಿಜ, ಸಿಸ್ಕೊ ಅಂತೂ ನಿಜವೇ. "ಕಂಡುಹಿಡಿದರು" ಅನ್ನೋ ಪದ ಇದೆಯಲ್ಲ, ನನ್ನ ತಕರಾರು ಅದರ ಮೇಲೆ.

ಪಕ್ಕಪಕ್ಕದ ಕಟ್ಟಡ ತಾನೆ, ಒಂದು ವೈರ್ ಎಳೆದ್ರೆ ಸಾಲದಾ ಅಂತೀರಾ? ಸಾಲೋದಿಲ್ಲ. ಆಗಿನ ಈಥರ್ನೆಟ್ ಅಂದ್ರೆ ಜಗಲಿಯ ಮೇಲೆ ಕೂತವರ ಹರಟೆ ಇದ್ದಹಾಗೆ. ಒಂದೇ ದಪ್ಪ ಕೇಬಲ್ಲಿಗೆ ಎಲ್ಲ ಕಂಪ್ಯೂಟರುಗಳೂ ಅಂಟಿಕೊಂಡಿರ್ತವೆ. ಒಂದು ಕೂಗಿದ್ದು ಎಲ್ಲಕ್ಕೂ ಕೇಳುತ್ತೆ, ಯಾರ ಹೆಸರು ಹಿಡಿದು ಕೂಗಿದ್ರೋ ಅವರು ಮಾತ್ರ ಓಗೊಡ್ತಾರೆ. ಎರಡು ಕೂಗು ಒಟ್ಟಿಗೆ ಬಿದ್ರೆ ಎರಡೂ ಹಾಳು. ಊರಿನ ಜಗಲಿಗಳನ್ನೆಲ್ಲ ಸೇರಿಸಿ ಒಂದೇ ಮಾಡಿದ್ರೆ ಏನಾಗಬಹುದು ನೋಡಿ, ಬರೀ ಗದ್ದಲ! ಅದರ ಮೇಲೆ ಭಾಷೆಯ ತೊಂದರೆ ಬೇರೆ. ಜೆರಾಕ್ಸ್ ಕಂಪನಿಯ ಯಂತ್ರಗಳು ಪಪ್ ಅನ್ನೋ ಪ್ರೋಟೋಕಾಲ್ ಮಾತಾಡ್ತಿದ್ದವು, ಲಿಸ್ಪ್ ಯಂತ್ರಗಳದ್ದು ಕೇಯಾಸ್‌ನೆಟ್, ಆರ್ಪಾನೆಟ್‌ನವರು ಆಗಷ್ಟೇ ಐಪಿ ಕಡೆಗೆ ಹೊರಳ್ತಿದ್ದರು. ಹಾಗಾಗಿ ಎರಡು ಕೇಬಲ್ ಸೇರುವ ಕಡೆ ಒಬ್ಬ ಪೋಸ್ಟ್‌ಮ್ಯಾನ್ ಬೇಕಿತ್ತು. ವಿಳಾಸ ಓದಿ, ಆ ಕಡೆಗೆ ಹೋಗಬೇಕಾದ್ದನ್ನ ಮಾತ್ರ ದಾಟಿಸಬೇಕು. ಅದೂ ಎಲ್ಲ ಲಿಪಿ ಓದಬಲ್ಲ ಪೋಸ್ಟ್‌ಮ್ಯಾನ್.

ಆ ಪೋಸ್ಟ್‌ಮ್ಯಾನನ್ನ ಸ್ಟ್ಯಾನ್‌ಫರ್ಡ್‌ನಲ್ಲಿ ತಯಾರು ಮಾಡಿದ್ದು ಬಿಲ್ ಯೇಗರ್. ವೈದ್ಯಕೀಯ ಕಾಲೇಜಿನ ಸುಮೆಕ್ಸ್ ಅನ್ನೋ ಕಂಪ್ಯೂಟರ್ ಕೇಂದ್ರದಲ್ಲಿ ಪ್ರೋಗ್ರಾಮರ್ ಆಗಿದ್ದವರು. 1980ರಲ್ಲಿ ಅವರ ಮೇಲಧಿಕಾರಿ ಒಪ್ಪಿಸಿದ ಕೆಲಸ ಇಷ್ಟೇ: ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಿಕಲ್, ವೈದ್ಯಕೀಯ, ಈ ಮೂರೂ ಕಡೆಯ ನೆಟ್‌ವರ್ಕ್ ಜೋಡಿಸು. ಪ್ರೇಮಪತ್ರದ ಸುದ್ದಿಯೇ ಇಲ್ಲ, ಶುದ್ಧ ಆಫೀಸ್ ಕೆಲಸ. ಯೇಗರ್ ಮೊದಲು ಬರೆದ ಪ್ರೋಗ್ರಾಂ ಓಡಿದ್ದು ಪಿಡಿಪಿ-11/05 ಮೇಲೆ, 56 ಕಿಲೋಬೈಟ್ ಮೆಮೊರಿಯಲ್ಲಿ. ನಿಮ್ಮ ಮೊಬೈಲಲ್ಲಿ ತೆಗೆದ ಒಂದು ಫೋಟೋ ಕೂಡ ಅದರೊಳಗೆ ಹಿಡಿಯೋದಿಲ್ಲ! ಮೊದಲು ಪಪ್ ಒಂದನ್ನೇ ದಾಟಿಸ್ತಿದ್ದ ಪ್ರೋಗ್ರಾಮಿಗೆ ಆಮೇಲೆ ಐಪಿ ಮತ್ತು ಉಳಿದವನ್ನೂ ಕಲಿಸಿದರು.

ಅದೇ ಕ್ಯಾಂಪಸ್ಸಿನಲ್ಲಿ ಆಂಡಿ ಬೆಕ್ಟೋಲ್‌ಶೈಮ್ ಅನ್ನೋ ವಿದ್ಯಾರ್ಥಿ 68000 ಚಿಪ್ ಹಾಕಿ ಒಂದು ಕಂಪ್ಯೂಟರ್ ಬೋರ್ಡ್ ಮಾಡಿದ್ದರು. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್ ಅನ್ನೋದರ ಮೊದಲಕ್ಷರಗಳಿಂದ ಅದಕ್ಕೆ ಸನ್ ಅಂತ ಹೆಸರು. ಯೇಗರ್ ತಮ್ಮ ಪ್ರೋಗ್ರಾಮನ್ನ ಆ ಬೋರ್ಡಿಗೆ ಹೊಂದಿಸಿದರು. ಬೋರ್ಡು, ಪ್ರೋಗ್ರಾಂ ಎರಡೂ ಕೂತ ಪೆಟ್ಟಿಗೆಗೆ ಜನ ಇಟ್ಟ ಹೆಸರು "ನೀಲಿ ಡಬ್ಬ". ಕ್ಯಾಂಪಸ್ಸಿನ ಕಟ್ಟಡಗಳನ್ನ ಒಂದೊಂದಾಗಿ ಜೋಡಿಸಿದ್ದು ಈ ಡಬ್ಬಗಳೇ. (ಎಂಐಟಿಯಲ್ಲಿ ನೋಯೆಲ್ ಚಿಯಾಪ್ಪ ಕೂಡ ಅದೇ ಕಾಲದಲ್ಲಿ ಇಂಥದ್ದೇ ರೂಟರ್ ಮಾಡ್ತಿದ್ದರು. ಇದು ಒಬ್ಬರ ತಲೆಯಲ್ಲಿ ಮಾತ್ರ ಹೊಳೆದದ್ದೇನಲ್ಲ.)

ಹಾಗಾದ್ರೆ ಗಂಡ ಹೆಂಡತಿ ಮಾಡಿದ್ದೇನು? ಇದು ಹೊರಗಡೆ ಮಾರಾಟ ಆಗುತ್ತೆ ಅಂತ ಅವರಿಗೆ ಕಾಣಿಸಿತು. ಅದು ಸಣ್ಣ ವಿಷಯ ಅಲ್ಲ ಬಿಡಿ. ಸಿಸ್ಕೊ ಶುರುವಾಗಿದ್ದು 1984ರ ಡಿಸೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಹೆಸರಿನ ಬಾಲ ಹಿಡಿದುಕೊಂಡು. ಬೊಸ್ಯಾಕ್ ಮತ್ತು ಅವರ ಸಹೋದ್ಯೋಗಿ ಕಿರ್ಕ್ ಲಾಹೀಡ್ ಯೇಗರ್ ಕೋಡನ್ನ ಬಹಳಷ್ಟು ತಿದ್ದಿ ಬೆಳೆಸಿದರು, ಅದೂ ಸ್ಟ್ಯಾನ್‌ಫರ್ಡ್ ಸಂಬಳದಲ್ಲಿ ಇದ್ದಾಗಲೇ. ನಮ್ಮ ಸಂಪತ್ತನ್ನ ನೀವು ಹೇಗೆ ಮಾರ್ತೀರಿ ಅಂತ ವಿಶ್ವವಿದ್ಯಾಲಯ ತಕರಾರು ತೆಗೆಯಿತು. 1986ರ ಜುಲೈನಲ್ಲಿ ಇಬ್ಬರೂ ಕೆಲಸ ಬಿಟ್ಟರು. 1987ರ ಏಪ್ರಿಲ್‌ನಲ್ಲಿ ರಾಜಿ ಆಯ್ತು. ಯೇಗರ್ ಪ್ರೋಗ್ರಾಮಿಗೂ ಬೋರ್ಡುಗಳಿಗೂ ಸೇರಿ ಸ್ಟ್ಯಾನ್‌ಫರ್ಡ್ ಪಡೆದದ್ದು 19,300 ಡಾಲರ್ ನಗದು, 1,50,000 ಡಾಲರ್ ರಾಯಲ್ಟಿ. 2000ದ ಮಾರ್ಚಿನಲ್ಲಿ ಅದೇ ಸಿಸ್ಕೊ ಕೆಲವು ದಿನ ಜಗತ್ತಿನ ಅತಿ ಹೆಚ್ಚು ಬೆಲೆಯ ಕಂಪನಿಯಾಗಿತ್ತು.

ಬೊಸ್ಯಾಕ್ ಮತ್ತು ಲರ್ನರನ್ನ ಕಳ್ಳರು ಅಂತ ಕರೆಯೋದಕ್ಕೆ ನನಗೆ ಮನಸ್ಸಿಲ್ಲ. ಡಬ್ಬ ಪ್ರಯೋಗಾಲಯದಲ್ಲೇ ಕೊಳೆಯದೆ ಹೊರಗೆ ಬಂದದ್ದು ಅವರಿಂದ. ಆದ್ರೆ ಕತೆ ಹೇಳುವಾಗ ಕೋಡ್ ಬರೆದವರನ್ನೇ ಬಿಟ್ಟುಬಿಡೋದು ಯಾವ ನ್ಯಾಯ? ಕೋಡ್ ಬರೆದು ಹೊಟ್ಟೆ ಹೊರೆಯೋ ನನ್ನಂಥವನಿಗೆ ಇದು ಸ್ವಲ್ಪ ಹೆಚ್ಚೇ ಚುಚ್ಚುತ್ತೆ.

ಅಂದಹಾಗೆ ಗಂಡ ಹೆಂಡತಿಯ ಸಿನಿಮಾವೂ ಸುಖಾಂತ್ಯ ಆಗಲಿಲ್ಲ. 1990ರ ಆಗಸ್ಟ್‌ನಲ್ಲಿ ಲರ್ನರನ್ನ ಅವರದೇ ಕಂಪನಿ ಕೆಲಸದಿಂದ ತೆಗೆಯಿತು, ಬೊಸ್ಯಾಕ್ ತಾವೂ ಹೊರನಡೆದರು. ಇಬ್ಬರೂ ಷೇರು ಮಾರಿ ಬಂದ ಸುಮಾರು 17 ಕೋಟಿ ಡಾಲರಿನಲ್ಲಿ ಬಹುಪಾಲನ್ನ ದಾನಕ್ಕೆ ಇಟ್ಟರು. ದಾಂಪತ್ಯವೂ ಮುರಿಯಿತು. ಯೇಗರ್ ಇನ್ನೂ ಕೆಲವು ವರ್ಷ ಸ್ಟ್ಯಾನ್‌ಫರ್ಡ್‌ನಲ್ಲೇ ಇದ್ದು, ಆಮೇಲೆ ಸೇರಿದ್ದು ಸನ್ ಮೈಕ್ರೋಸಿಸ್ಟಮ್ಸ್. ಅದೇ ಬೋರ್ಡಿನಿಂದ ಹುಟ್ಟಿದ ಕಂಪನಿ!