ಕೊಬ್ಬರಿ ದುಡ್ಡಿನ ಹಾರ್ಮೋನಿಯಂ

ನಮ್ಮ ಕಡೆಯ ಗಂಡಸರಿಗೆ ಎರಡು ಹುಚ್ಚು ಎಂದು ನಮ್ಮವ್ವ ಹೇಳುತ್ತಿದ್ದಳು. ಒಂದು ತೆಂಗಿನದು, ಇನ್ನೊಂದು ನಾಟಕದ್ದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ಊರಿಗೆ ಹೋದರೂ ಹಿಂದೊಮ್ಮೆ ದುರ್ಯೋಧನನಾಗಿದ್ದ, ಕರ್ಣನಾಗಿದ್ದ ಒಬ್ಬ ಅಜ್ಜ ಜಗಲಿಯ ಮೇಲೆ ಸಿಗುತ್ತಾನೆ. ಯಾವ ಪದ್ಯಕ್ಕೆ ಎಷ್ಟು ‘ಒನ್ಸ್ ಮೋರ್’ ಬಿತ್ತು ಎಂಬುದನ್ನು ನಿನ್ನೆ ನಡೆದಂತೆ ಹೇಳುತ್ತಾನೆ. ಆದರೆ ಆ ಪದ್ಯಕ್ಕೆ ಬೆಳಗಿನ ಜಾವದವರೆಗೆ ಶ್ರುತಿ ಕೊಟ್ಟ ಹಾರ್ಮೋನಿಯಂ ಎಲ್ಲಿಂದ ಬಂತು, ಅದಕ್ಕೆ ದುಡ್ಡು ಯಾರು ಕೊಟ್ಟರು ಎಂದು ಕೇಳಿದರೆ ಥಟ್ಟನೆ ಉತ್ತರ ಬರುವುದಿಲ್ಲ. ಅಂಥದೊಂದು ಪೆಟ್ಟಿಗೆಯಿದ್ದ ಮನೆಯಲ್ಲಿ ಬೆಳೆದವಳಾದ್ದರಿಂದ ನನಗೆ ಆ ಕಥೆಯೇ ಹೆಚ್ಚು ಮುಖ್ಯವೆನಿಸುತ್ತದೆ.

ಹಾರ್ಮೋನಿಯಂ ನಮ್ಮ ದೇಶದ ವಾದ್ಯವಲ್ಲ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡೆಬೇನ್ ಎಂಬಾತ ಆ ಹೆಸರಿನಲ್ಲಿ ಅದರ ಹಕ್ಕು ಪಡೆದ. ಅದು ಮೇಜಿನಂಥ ದೊಡ್ಡ ವಾದ್ಯ, ಕುರ್ಚಿಯ ಮೇಲೆ ಕೂತು ಕಾಲಲ್ಲಿ ಗಾಳಿ ತುಳಿಯಬೇಕು. ನಮ್ಮವರು ಹಾಡುವುದು ಚಾಪೆಯ ಮೇಲೆ ಕೂತು. ಹಾಗಾಗಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದರ ಕಾಲುಗಳನ್ನು ತೆಗೆದು, ಬೆನ್ನಿಗೆ ತಿದಿ ಕೂರಿಸಿ, ಒಂದು ಕೈಯಲ್ಲಿ ಗಾಳಿ ಹಾಕುತ್ತ ಇನ್ನೊಂದರಲ್ಲಿ ನುಡಿಸುವ ಪೆಟ್ಟಿಗೆ ಮಾಡಿದರು. ಇಂದು ಭಜನಾ ಮಂದಿರಗಳಲ್ಲಿ ನೀವು ನೋಡುವುದು ಅದನ್ನೇ.

ನಾಟಕದವರಿಗೆ ಮಾತ್ರ ಇದು ಸಾಲಲಿಲ್ಲ. ಮೈಕಿಲ್ಲದ ಕಾಲ. ಕೊನೆಯ ಸಾಲಿನವನಿಗೂ ಕೇಳಬೇಕು, ಹಾಡುಗಾರ ಉಸಿರು ತೆಗೆದುಕೊಳ್ಳುವಾಗ ನಡುವಿನ ಸಂಗೀತ ನಿಲ್ಲಬಾರದು. ಅದಕ್ಕೆ ಎರಡೂ ಕೈ ಬೇಕು. ಹಾಗಾಗಿ ಕಂಪನಿ ನಾಟಕಗಳಲ್ಲಿ ಕಾಲು ಹಾರ್ಮೋನಿಯಂ ಉಳಿಯಿತು. ಬಲಗೈ ಹಾಡನ್ನು ಹಿಡಿದರೆ ಎಡಗೈ ಕೆಳಗಿನ ದಪ್ಪ ಸ್ವರಗಳನ್ನು ಒತ್ತಿ ಹಾಡಿಗೆ ತಳಪಾಯ ಹಾಕುತ್ತಿತ್ತು.

ಈ ಕಂಪನಿ ಸಂಗೀತ ನಮ್ಮ ಹಳ್ಳಿಗಳಿಗೆ ಬರಲು ದೂರವೇನೂ ನಡೆಯಬೇಕಿರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಊರು ತಿಪಟೂರಿನ ರೈಲುದಾರಿಯಲ್ಲೇ ಇದೆ. 1934ರಲ್ಲಿ ಗುಬ್ಬಿ ವೀರಣ್ಣನವರು ಆನೆ ಕುದುರೆಗಳನ್ನು ತಂದು ಆಡಿಸಿದ ‘ಕುರುಕ್ಷೇತ್ರ’ದ ವೈಭವವನ್ನು ನಮ್ಮ ತಾತನ ತಲೆಮಾರಿನವರು ಸಾಯುವವರೆಗೂ ಹೇಳಿಕೊಂಡರು. ತಿಪಟೂರಿನಲ್ಲೇ 1923ರಲ್ಲಿ ಹುಟ್ಟಿದ ನರಸಿಂಹರಾಜು ಚಿಕ್ಕ ಮಗುವಾಗಿದ್ದಾಗಲೇ ಕಂಪನಿ ಸೇರಿ, 1954ರ ‘ಬೇಡರ ಕಣ್ಣಪ್ಪ’ದ ಹೊತ್ತಿಗೆ ಸಿನಿಮಾಕ್ಕೆ ಬಂದರು. ನೋಡಿ ಬಂದವರು ಸುಮ್ಮನಿರಲಿಲ್ಲ. ಸುಗ್ಗಿ ಮುಗಿದ ಮೇಲೆ ನಾವೂ ಒಂದು ಆಡೋಣ ಎಂದರು.

ಹಳ್ಳಿ ನಾಟಕದ ಹಣಕಾಸು ವಿಚಿತ್ರವಾದದ್ದು. ಕಂಪನಿಯಲ್ಲಿ ನಟನಿಗೆ ಸಂಬಳ, ಹಳ್ಳಿಯಲ್ಲಿ ನಟನೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನನ ಪಾರ್ಟಿಗೆ ಹೆಚ್ಚು, ದೂತನ ಪಾರ್ಟಿಗೆ ಕಡಿಮೆ. ಆ ಹಣದಲ್ಲಿ ಮೇಷ್ಟ್ರಿಗೆ ಸಂಭಾವನೆ, ಸೀನರಿಗೆ ಬಾಡಿಗೆ, ಪೆಟ್ರೋಮ್ಯಾಕ್ಸಿಗೆ ಸೀಮೆಎಣ್ಣೆ, ಹೊರಗಿನಿಂದ ಬರುವ ಸ್ತ್ರೀ ಪಾತ್ರದವರಿಗೆ ಕೂಲಿ. ಎರಡು ಮೂರು ತಿಂಗಳು ಪ್ರತಿ ರಾತ್ರಿ ಊಟವಾದ ಮೇಲೆ ತಾಲೀಮು. ನಾಟಕದ ದಿನ ನೆಂಟರೆಲ್ಲ ಬಂದು ಹಾರ ಹಾಕಿ ಮುಯ್ಯಿ ಮಾಡಬೇಕು. ಯುದ್ಧದ ನಡುವೆ ಭೀಮ ಗದೆ ಕೆಳಗಿಟ್ಟು, ಭಾವಮೈದನ ಹಾರಕ್ಕೆ ಕತ್ತು ಬಗ್ಗಿಸಿ, ಮತ್ತೆ ಗದೆ ಎತ್ತಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮಪ್ಪನಿಗೆ ಪಾರ್ಟು ಮಾಡುವ ಕಂಠವಿರಲಿಲ್ಲ, ಬೆರಳಿತ್ತು. 1966ರಲ್ಲಿ ಮುಚ್ಚಿಹೋದ ಒಂದು ಸಣ್ಣ ಕಂಪನಿಯವರು ಮಾರಿದ ಕಾಲು ಹಾರ್ಮೋನಿಯಂ ಅನ್ನು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮನೆಗೆ ತಂದರು. ಅದು ದುಡ್ಡಾಗಿ ಬಂದದ್ದು ನಮ್ಮ ಅಟ್ಟದ ಮೇಲಿಂದ. ಕೊಬ್ಬರಿಯ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಒಳಗಿನ ಉಂಡೆಗೆ ಪೆಟ್ಟಾಗದಂತೆ ಕರಟ ಬಿಡಿಸಬೇಕು. ಈ ಕೊನೆಯ ಕೆಲಸ ಹೆಂಗಸರದು. ಏಟು ಹೆಚ್ಚಾದರೆ ಉಂಡೆ ಒಡೆಯುತ್ತದೆ, ಒಡೆದದ್ದಕ್ಕೆ ತಿಪಟೂರಿನ ಮಂಡಿಯಲ್ಲಿ ಬೆಲೆಯಿಲ್ಲ. ನಮ್ಮವ್ವ ಬಿಡಿಸಿದ್ದರಲ್ಲಿ ಒಡಕು ಇರುತ್ತಿರಲಿಲ್ಲ. ಆ ವರ್ಷದ ಎರಡು ಚೀಲ ಕೊಬ್ಬರಿ ಅವಳ ಒಂದು ಜೊತೆ ಬಳೆಗೆಂದು ಮಾತಾಗಿತ್ತು. ಬಳೆಯ ಬದಲು ಹಾರ್ಮೋನಿಯಂ ಬಂತು.

ಅವಳು ಜಗಳವಾಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ವಾರ ಮಾತು ಬಿಟ್ಟಿದ್ದಳು. ಆಮೇಲೆ ಆ ಪೆಟ್ಟಿಗೆಯನ್ನು ನೋಡಿಕೊಂಡವಳೂ ಅವಳೇ. ತಿದಿಯ ಬಟ್ಟೆಯನ್ನು ಇಲಿ ಕಡಿದರೆ ಹಳೇ ರವಿಕೆಯ ತುಂಡನ್ನು ಗೋಂದು ಹಚ್ಚಿ ಅಂಟಿಸುವಳು. ಹಿತ್ತಾಳೆಯ ನಾಲಿಗೆಗೆ ದೂಳು ಕೂತು ಒಂದು ಸ್ವರ ಮೂಕವಾದರೆ, ಮೇಲಿನ ಹಲಗೆ ಎತ್ತಿ, ತೆಳ್ಳನೆಯ ಕಾಗದ ತೂರಿಸಿ ದೂಳು ತೆಗೆಯುವಳು. ತಾಲೀಮು ನಡೆಯುತ್ತಿದ್ದುದು ನಮ್ಮ ಅಂಗಳದಲ್ಲೇ ಆದ್ದರಿಂದ ಎಲ್ಲ ಪಾರ್ಟುಗಳ ಪದ್ಯವೂ ಅವಳಿಗೆ ಬಾಯಿಪಾಠ. ರಾಗಿ ಬೀಸುವಾಗ ಹಾಡಿಕೊಳ್ಳುವಳು. ವೇದಿಕೆ ಮಾತ್ರ ಅವಳದಾಗಿರಲಿಲ್ಲ.

ವೇದಿಕೆ ಹತ್ತಿದ ಹೆಂಗಸರ ಪಾಡೂ ಸುಲಭದ್ದಲ್ಲ. ಬಹಳ ಕಾಲ ದ್ರೌಪದಿಯಾದವರು ಗಂಡಸರೇ. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರಂಥವರು ಹೆಸರು ಮಾಡಿದ ಮೇಲೆ ಹಳ್ಳಿಯವರಿಗೂ ‘ನಿಜವಾದ ಹೆಂಗಸು’ ಬೇಕೆನಿಸಿತು. ಮೈಸೂರಿನಲ್ಲಿ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಮೀಸೆ ಹಚ್ಚಿ ಕಂಸನೂ ಆದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಬಸ್ಸಿಳಿದು, ಸೀರೆ ಚೌರಿ ಬಣ್ಣಗಳ ಟ್ರಂಕನ್ನು ತಾವೇ ಹೊತ್ತು, ಗುರುತಿಲ್ಲದ ಹಳ್ಳಿಗೆ ನಡೆದು ಬರುತ್ತಿದ್ದ ಕಲಾವಿದೆಯರಿಗೆ ಯಾರೂ ಸನ್ಮಾನ ಮಾಡಲಿಲ್ಲ.

ಒಮ್ಮೆ ಹಾಗೆ ಬಂದವರಿಗೆ ನಮ್ಮಜ್ಜಿ, ‘ಆಯಮ್ಮಂಗೆ ಜಗಲಿ ಮೇಲೇ ಎಲೆ ಹಾಕು’ ಎಂದಿತು. ಅವ್ವ ಕೇಳಿಸದವಳಂತೆ, ‘ಬಾರಕ್ಕ ಒಳಕ್ಕೆ, ಕಾಲು ತೊಳ್ಕೊ’ ಎಂದು ಅಡುಗೆಮನೆಗೇ ಕರೆದುಕೊಂಡು ಹೋದಳು. ಊಟ ಮಾಡುತ್ತ ಅವರು, ‘ನಿಮ್ಮ ಯಜಮಾನ್ರಿಗೆ ಒಂದು ಮಾತು ಹೇಳಿ ತಾಯಿ. ಎಲ್ಲಾ ಕಡೆ ಗಂಡಸರ ಶ್ರುತಿಗೇ ನುಡಿಸ್ತಾರೆ. ಆ ಶ್ರುತೀಲಿ ನನ್ನ ಹಾಡು ಕೆಳಗೆ ಕೂತುಬಿಡುತ್ತೆ. ಜನ ನನಗೇ ಕಂಠ ಇಲ್ಲ ಅಂತಾರೆ’ ಎಂದರು. ಅವ್ವ ಹೋಗಿ ಹೇಳಿದಳು. ಶ್ರುತಿ ಬದಲಾದರೆ ಕರಿಮನೆ ಬಿಳಿಮನೆಗಳ ಲೆಕ್ಕವೆಲ್ಲ ಬದಲಾಗುತ್ತದೆ, ಕಲಿತ ಬೆರಳು ತಡವರಿಸುತ್ತದೆ. ಅಪ್ಪ, ‘ಈಗ ಹೇಳಿದ್ರೆ ಬೆರಳು ಕೂರಲ್ಲ ಕಣೆ’ ಎಂದು ಗೊಣಗಿದರು. ಆದರೂ ಸಂಜೆವರೆಗೆ ಕೂತು ದ್ರೌಪದಿಯ ಎರಡು ಹಾಡುಗಳನ್ನು ಮೇಲಿನ ಶ್ರುತಿಗೆ ಕೂರಿಸಿಕೊಂಡರು. ಆ ರಾತ್ರಿ ‘ಒನ್ಸ್ ಮೋರ್’ ಬಿದ್ದದ್ದು ದ್ರೌಪದಿಗೆ. ಅದರ ಹಿಂದೆ ಒಂದು ಅಡುಗೆಮನೆಯ ಮಾತಿತ್ತೆಂದು ಕೂಗಿದವರಿಗೆ ಗೊತ್ತಿರಲಿಲ್ಲ.

ದೊಡ್ಡವರ ಲೋಕದಲ್ಲಿ ಹಾರ್ಮೋನಿಯಂಗೆ ಮರ್ಯಾದೆ ಕಡಿಮೆಯೇ ಇತ್ತು. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದರಲ್ಲಿ ಬಾರದೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. 1971ರಲ್ಲಷ್ಟೇ ಆ ಬಾಗಿಲು ಸ್ವಲ್ಪ ತೆರೆಯಿತು. ಅಷ್ಟು ವರ್ಷವೂ ನಮ್ಮ ಹಳ್ಳಿಗಳ ಹಾಡನ್ನು ಹಿಡಿದು ನಿಲ್ಲಿಸಿದ್ದು ರೇಡಿಯೊದಿಂದ ಹೊರಗಿದ್ದ ಇದೇ ಪೆಟ್ಟಿಗೆ.

ಆಮೇಲೆ ಕಾಲ ತಿರುಗಿತು. ಕರೆಂಟು ಬಂತು, ಮೈಕು ಬಂತು, ಕ್ಯಾಸೆಟ್ಟು ಬಂತು. 1980ರ ದಶಕದ ಹೊತ್ತಿಗೆ ಗಣಪತಿ ಪೆಂಡಾಲುಗಳಲ್ಲಿ ಸಿನಿಮಾ ಹಾಡಿನ ಆರ್ಕೆಸ್ಟ್ರಾಗಳದೇ ಭರಾಟೆ. ನನ್ನ ತಮ್ಮ 1988ರಲ್ಲಿ ತಿಪಟೂರಿನ ಗೆಳೆಯರ ಜೊತೆ ಸೇರಿ ಒಂದು ತಂಡ ಕಟ್ಟಿದ. ಅವನ ಪಾಲಿಗೆ ಬಂದದ್ದು ಬೇಸ್ ಗಿಟಾರ್. ನಾಲ್ಕೇ ದಪ್ಪ ತಂತಿ, ತಗ್ಗಿದ ಸ್ವರ. ಆಳೆತ್ತರದ ಬೇಸ್ ವಾದ್ಯವನ್ನು ಊರೂರಿಗೆ ಹೊರಲಾಗದೆ, ಹೊತ್ತರೂ ಡ್ರಮ್ಮಿನ ಸದ್ದಿನಲ್ಲಿ ಕೇಳಿಸದೆ ಒದ್ದಾಡುತ್ತಿದ್ದವರಿಗಾಗಿ ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಮಾರಾಟಕ್ಕೆ ತಂದ ವಾದ್ಯದ ಮೊಮ್ಮಗ ಅದು. ಅಪ್ಪನ ಎಡಗೈ ಮಾಡುತ್ತಿದ್ದ ಕೆಲಸಕ್ಕೆ ಈಗ ಒಬ್ಬ ಆಳೇ ಬೇಕಾಯಿತು.

ಹೊಸ ತಂತಿ ಬೆಂಗಳೂರಿಂದ ತರಬೇಕು, ಬಲು ದುಬಾರಿ. ಹಳೆಯ ತಂತಿಗೆ ಬೆರಳ ಬೆವರು, ಜಿಡ್ಡು ಕೂತು ಸದ್ದು ಮಂಕಾದರೆ ಬಿಸಿನೀರಲ್ಲಿ ಕುದಿಸಿ ಒರೆಸಿ ಮತ್ತೆ ಕಟ್ಟುವುದುಂಟು. ತಮ್ಮ ಪಾತ್ರೆಯಲ್ಲಿ ತಂತಿ ಸುರುಳಿ ಹಾಕಿ ಒಲೆಯ ಮೇಲಿಟ್ಟಾಗ ಅವ್ವ ಇಣುಕಿ ನೋಡಿ, ‘ಇದಕ್ಕೆ ಉಪ್ಪು ಹಾಕಬೇಕೇನಪ್ಪ?’ ಎಂದಳು. ಕಾರ್ಯಕ್ರಮದ ದಿನ ವೋಲ್ಟೇಜ್ ಬಿದ್ದರೆ ಆಂಪ್ಲಿಫೈಯರ್ ಗೊರಗುಟ್ಟುವುದು. ಬಾಡಿಗೆ ಮೆಟಾಡೋರಿನಲ್ಲಿ ಸ್ಪೀಕರಿನ ಮೇಲೆ ತಲೆಯಿಟ್ಟು ಮಲಗಿ ಬೆಳಿಗ್ಗೆ ಮನೆ ಸೇರಿದರೆ, ಎಲ್ಲ ಕಳೆದು ಕೈಗೆ ಸಿಕ್ಕಿದ್ದು ಬಸ್ಸಿನ ಚಾರ್ಜು. ‘ನಿನ್ನ ವಾದ್ಯ ಯಾರಿಗೂ ಕೇಳಲ್ಲವಲ್ಲೋ’ ಎಂದು ನಾನು ರೇಗಿಸಿದರೆ, ‘ನಾನು ನುಡಿಸಿದರೆ ಗೊತ್ತಾಗಲ್ಲ ಅಕ್ಕ, ನಿಲ್ಲಿಸಿದರೆ ಗೊತ್ತಾಗುತ್ತೆ’ ಎನ್ನುತ್ತಿದ್ದ.

ಈಗ ಕೀಬೋರ್ಡ್ ಒಂದೇ ಎಲ್ಲ ವಾದ್ಯಗಳ ಕೆಲಸ ಮಾಡುತ್ತದೆ. ಪೌರಾಣಿಕ ನಾಟಕ ಮಾತ್ರ ಸತ್ತಿಲ್ಲ. ಹೆಂಗಸರೇ ಸೇರಿ ‘ಕುರುಕ್ಷೇತ್ರ’ ಆಡುವುದನ್ನೂ ಈಚಿನ ವರ್ಷಗಳಲ್ಲಿ ನೋಡುತ್ತಿದ್ದೇವೆ. ಅದನ್ನು ನೋಡಲು ಅವ್ವ ಉಳಿದಿಲ್ಲ. ಅಪ್ಪನ ಲೆಕ್ಕದ ಪುಸ್ತಕ ನನ್ನ ಬಳಿ ಇದೆ. 1966ರ ಪುಟದಲ್ಲಿ ‘ಹಾರ್ಮೋನಿಯಂ ಬಾಬ್ತು, ಮನೆ ಕೊಬ್ಬರಿ ಚೀಲ 2’ ಎಂದಿದೆ. ಕರಟ ಬಿಡಿಸಿದವಳ ಹೆಸರಿಲ್ಲ. ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಪುಸ್ತಕವಿದ್ದರೆ ರದ್ದಿಗೆ ಹಾಕಬೇಡಿ. ಓದಬಲ್ಲ ಹಿರಿಯ ಹೆಂಗಸೊಬ್ಬರು ಇರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಸಾಲಿನ ಹಿಂದೆ ಯಾರ ಕೈಯಿತ್ತೆಂದು ಕೇಳಿ ಬರೆದಿಡಿ.